ಲಿಂಕನ್ ಬರೆಯದ ಪತ್ರ ಸಾಕು, ಬರೆದದ್ದನ್ನು ಹಾಕಿ

ಮಾನ್ಯ ಸಂಪಾದಕರೇ,

ಶಿಕ್ಷಕರ ದಿನದ ಪುರವಣಿಯಲ್ಲಿ ಈ ಸಲವೂ ‘ಮಗನ ಮೇಷ್ಟ್ರಿಗೆ ಅಬ್ರಹಾಂ ಲಿಂಕನ್ ಬರೆದ ಪತ್ರ’ ಹಾಕಿದ್ದೀರಿ. ಅರ್ಧ ಪುಟ, ಗಡ್ಡದ ಫೋಟೊ ಸಮೇತ. ಆ ಪತ್ರ ಲಿಂಕನ್ ಬರೆದದ್ದಲ್ಲ. ಅವರ ಪತ್ರ, ಭಾಷಣ, ಚೀಟಿ, ತಂತಿ ಸಂದೇಶಗಳನ್ನೆಲ್ಲ ಸೇರಿಸಿ 1950ರ ದಶಕದಲ್ಲೇ ಅಮೆರಿಕದಲ್ಲಿ ದಪ್ಪ ದಪ್ಪ ಸಂಪುಟಗಳು ಬಂದಿವೆ. ಅದರಲ್ಲಿ ಎಲ್ಲೂ ಇದಿಲ್ಲ. ತಾರೀಖಿಲ್ಲ, ಶಾಲೆ ಯಾವುದು ಅಂತ ಇಲ್ಲ, ಆ ಮೇಷ್ಟ್ರು ಯಾರು ಅಂತಲೂ ಇಲ್ಲ.

ನಿಮ್ಮೊಬ್ಬರನ್ನೇ ದೂರುತ್ತಿಲ್ಲ. ನಮ್ಮ ಶಿಡ್ಲಘಟ್ಟ, ಚಿಂತಾಮಣಿ ಕಡೆ ಎಷ್ಟೋ ಶಾಲೆಗಳ ಹೆಡ್‌ಮಾಸ್ಟರ್ ಕೋಣೆಯಲ್ಲಿ ಈ ಪತ್ರ ಲ್ಯಾಮಿನೇಟ್ ಆಗಿ ಗೋಡೆ ಮೇಲಿದೆ. ಪ್ರತಿಭಾ ಕಾರಂಜಿಯಲ್ಲಿ ಮಕ್ಕಳು ಅದನ್ನೇ ಬಾಯಿಪಾಠ ಒಪ್ಪಿಸಿ ಬಹುಮಾನ ತಗೊಳ್ಳುತ್ತಾರೆ. ಸೆಪ್ಟೆಂಬರ್ 5ರ ಬೆಳಿಗ್ಗೆ ವಾಟ್ಸಾಪ್ ತೆರೆದರೆ ಬಂಧುಗಳಿಂದ, ಹಳೇ ವಿದ್ಯಾರ್ಥಿಗಳಿಂದ, ಗುರುತಿಲ್ಲದ ನಂಬರುಗಳಿಂದ ಅದೇ. ಒಳ್ಳೇ ಮಾತೇ ಇದೆಯಲ್ಲ, ಯಾರು ಬರೆದರೇನು ಅನ್ನುವವರಿದ್ದಾರೆ. ಇರಲಿ, ಹಾಗಾದರೆ ಲಿಂಕನ್ ಹೆಸರು ತೆಗೆದು ಹಾಕಿ. ಆಗ ಎಷ್ಟು ಜನ ಓದುತ್ತಾರೋ ನೋಡೋಣ.

ನನಗೆ ಹೊಟ್ಟೆ ಉರಿಯುವುದು ಬೇರೆ ಕಾರಣಕ್ಕೆ. ಮಗನ ವಿಷಯಕ್ಕೆ ಲಿಂಕನ್ ನಿಜವಾಗಿಯೂ ಬರೆದ ಪತ್ರ ಒಂದಿದೆ. ತಾರೀಖು 1865ರ ಜನವರಿ 19. ಬರೆದದ್ದು ಸೇನಾಪತಿ ಗ್ರಾಂಟ್ ಅವರಿಗೆ. ಅಮೆರಿಕದ ಉತ್ತರದ ಮತ್ತು ದಕ್ಷಿಣದ ರಾಜ್ಯಗಳ ನಡುವೆ ಅಂತರ್ಯುದ್ಧ ಶುರುವಾಗಿ ನಾಲ್ಕನೇ ವರ್ಷ ನಡೆಯುತ್ತಿತ್ತು. ಆ ಯುದ್ಧ ಮುಗಿಯುವ ಹೊತ್ತಿಗೆ ಸತ್ತವರು ಆರು ಲಕ್ಷಕ್ಕೂ ಜಾಸ್ತಿ. ದೊಡ್ಡ ಮಗ ರಾಬರ್ಟ್ ಹಾರ್ವರ್ಡ್‌ನಲ್ಲಿ ಓದು ಮುಗಿಸಿದ್ದ. ಸೇನೆಗೆ ಹೋಗುತ್ತೇನೆ ಅನ್ನುತ್ತಿದ್ದ, ತಾಯಿ ಮೇರಿ ಬಿಡುತ್ತಿರಲಿಲ್ಲ. ಆಗಲೇ ಇಬ್ಬರು ಗಂಡುಮಕ್ಕಳನ್ನು ಕಾಯಿಲೆಯಲ್ಲಿ ಕಳೆದುಕೊಂಡ ಹೆಂಗಸು. ಎಡ್ಡಿ 1850ರಲ್ಲಿ, ವಿಲ್ಲಿ 1862ರಲ್ಲಿ ಶ್ವೇತಭವನದಲ್ಲೇ ಹೋದ.

ಪತ್ರದಲ್ಲಿ ಲಿಂಕನ್ ಹೇಳುವುದು ಇಷ್ಟು. ನಾನು ಅಧ್ಯಕ್ಷ ಅಂತ ನೋಡಬೇಡಿ, ಬರೀ ಸ್ನೇಹಿತ ಅಂದುಕೊಂಡು ಓದಿ ಉತ್ತರ ಕೊಡಿ. ನನ್ನ ಮಗನಿಗೆ ಯುದ್ಧ ಮುಗಿಯುವ ಮೊದಲು ಒಂದಿಷ್ಟು ನೋಡಬೇಕು ಅಂತ ಆಸೆ. ಅವನನ್ನು ಸಾಮಾನ್ಯ ಸಿಪಾಯಿಯಾಗಿ ಕಳಿಸಲು ನನಗೆ ಇಷ್ಟವಿಲ್ಲ. ಹಾಗಂತ ದೊಡ್ಡ ಹುದ್ದೆ ಕೊಡಿಸುವುದೂ ಬೇಡ, ಬಹಳ ಕಾಲ ದುಡಿದವರಿಗೆ ಅದು ಸಲ್ಲಬೇಕು. ನಿಮಗೆ ಮುಜುಗರವಾಗದಿದ್ದರೆ, ಸೇನೆಗೆ ತೊಂದರೆಯಾಗದಿದ್ದರೆ, ಹೆಸರಿಗೊಂದು ದರ್ಜೆ ಕೊಟ್ಟು ನಿಮ್ಮ ಜೊತೆ ಇಟ್ಟುಕೊಳ್ಳುತ್ತೀರಾ? ಅವನ ಖರ್ಚು ಸರ್ಕಾರದ್ದಲ್ಲ, ನನ್ನದು. ಆಗಲ್ಲ ಅನ್ನಿಸಿದರೆ ಹಿಂದೆಮುಂದೆ ನೋಡದೆ ಹೇಳಿಬಿಡಿ.

ಗ್ರಾಂಟ್ ಸಂತೋಷದಿಂದ ಒಪ್ಪಿದರು. ರಾಬರ್ಟ್ ಕ್ಯಾಪ್ಟನ್ ಆದ. ಏಪ್ರಿಲ್ 9ರಂದು ಅಪೊಮ್ಯಾಟಾಕ್ಸ್‌ನಲ್ಲಿ ಶತ್ರು ಸೇನಾಪತಿ ಲೀ ಶರಣಾದಾಗ ಅಲ್ಲೇ ಇದ್ದ. ಐದೇ ದಿನಕ್ಕೆ ಅಪ್ಪನಿಗೆ ಗುಂಡು ಬಿತ್ತು.

ಇದನ್ನು ಹತ್ತನೇ ತರಗತಿಯಲ್ಲಿ ಓದಿ ಹೇಳಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ‘ಹಂಗಾದ್ರೆ ಬೇರೆಯವರ ಮಕ್ಕಳು ಸಾರ್?’ ಅಂದಳು. ಅವಳ ಅಣ್ಣ ಸೇನೆಯಲ್ಲಿದ್ದಾನೆ. ಉತ್ತರ ಕೊಡುವುದು ಸುಲಭವಿರಲಿಲ್ಲ. ಬಲವಂತದ ಸೇನಾ ಭರ್ತಿ ಕಾನೂನಿಗೆ ಸಹಿ ಹಾಕಿದ ಮನುಷ್ಯ ಸ್ವಂತ ಮಗನಿಗೆ ಸುರಕ್ಷಿತ ಜಾಗ ಕೇಳಿದ್ದಾನೆ. ಕೇಳುವಾಗ ನಾಚಿಕೊಂಡಿದ್ದಾನೆ, ದುಡ್ಡು ನಾನೇ ಕೊಡ್ತೀನಿ ಅಂದಿದ್ದಾನೆ. ಆದರೂ ಕೇಳಿದ್ದಾನೆ. ಪೀರಿಯಡ್ ಪೂರ್ತಿ ಜಗಳ ನಡೆಯಿತು, ಕೆಲವರು ಅಪ್ಪನ ಕಡೆ, ಕೆಲವರು ಆ ಹುಡುಗಿ ಕಡೆ. ಗೋಡೆ ಮೇಲಿನ ಆ ಸುಳ್ಳು ಪತ್ರ ಓದಿ ನಮ್ಮ ಶಾಲೆಯಲ್ಲಿ ಒಂದು ಮಗುವೂ ಒಂದು ಪ್ರಶ್ನೆ ಕೇಳಿದ್ದನ್ನು ನಾನು ಕಂಡಿಲ್ಲ.

ಇನ್ನೂ ಇವೆ. 1863ರ ಜುಲೈ ಒಂದರಿಂದ ಮೂರರವರೆಗೆ ಗೆಟಿಸ್‌ಬರ್ಗ್‌ನಲ್ಲಿ ದೊಡ್ಡ ಕಾಳಗ ನಡೆದು ಸೇನಾಪತಿ ಮೀಡ್ ಗೆದ್ದರು. ಆದರೆ ಸೋತ ಲೀಯನ್ನು ಬೆನ್ನಟ್ಟಿ ಹಿಡಿಯಲಿಲ್ಲ, ಅವನು ಪೊಟೊಮ್ಯಾಕ್ ನದಿ ದಾಟಿ ತಪ್ಪಿಸಿಕೊಂಡ. ಲಿಂಕನ್‌ಗೆ ಸಿಟ್ಟು ತಡೆಯಲಾಗಲಿಲ್ಲ. ಕೈಗೆ ಸಿಕ್ಕಿದ್ದವನನ್ನು ಬಿಟ್ಟಿರಿ, ಅವನನ್ನು ಹಿಡಿದಿದ್ದರೆ ಯುದ್ಧವೇ ಮುಗಿದು ಹೋಗುತ್ತಿತ್ತು, ನನಗಾದ ಸಂಕಟಕ್ಕೆ ಅಳತೆಯಿಲ್ಲ ಅಂತ ಜುಲೈ 14ರಂದು ಮೀಡ್‌ಗೆ ಉದ್ದಕ್ಕೆ ಬರೆದರು. ಆಮೇಲೆ ಅದನ್ನು ಲಕೋಟೆಗೆ ಹಾಕಿ, ಕಳಿಸಿಲ್ಲ, ಸಹಿ ಮಾಡಿಲ್ಲ ಅಂತ ಮೇಲೆ ಬರೆದು ಇಟ್ಟುಬಿಟ್ಟರು. ಅದರ ಹಿಂದಿನ ದಿನವೇ ಗ್ರಾಂಟ್‌ಗೆ ಇನ್ನೊಂದು ಪತ್ರ ಹೋಗಿತ್ತು. ನೀವು ಗೆದ್ದ ವಿಕ್ಸ್‌ಬರ್ಗ್ ಯುದ್ಧದ ವಿಷಯದಲ್ಲಿ ನೀವು ಮಾಡಿದ್ದು ತಪ್ಪು ಅಂದುಕೊಂಡಿದ್ದೆ, ನೀವು ಸರಿ, ನಾನೇ ತಪ್ಪು ಅಂತ. ಬೈದದ್ದು ಪೆಟ್ಟಿಗೆಯಲ್ಲಿ ಉಳಿಯಿತು, ಒಪ್ಪಿಕೊಂಡದ್ದು ಅಂಚೆಯಲ್ಲಿ ಹೋಯಿತು. ನಾವೆಲ್ಲ ವಾಟ್ಸಾಪ್ ಗುಂಪಿನಲ್ಲಿ ಮಾಡುವುದು ಇದರ ಉಲ್ಟಾ, ಅಲ್ವಾ?

ಎಲ್ಲವನ್ನೂ ನುಂಗಿಕೊಳ್ಳುವ ಸಾಧುವೂ ಅಲ್ಲ ಅವರು. ದೇಶಕ್ಕೊಬ್ಬ ಸರ್ವಾಧಿಕಾರಿ ಬೇಕು ಅಂತ ಅಲ್ಲಿಲ್ಲಿ ಮಾತಾಡುತ್ತಿದ್ದ ಜೋಸೆಫ್ ಹೂಕರ್‌ಗೇ 1863ರ ಜನವರಿಯಲ್ಲಿ ಸೇನೆ ಒಪ್ಪಿಸಿ, ಜೊತೆಗೊಂದು ಕಾಗದ ಕೊಟ್ಟರು. ಗೆದ್ದ ಸೇನಾಪತಿಗಳು ಮಾತ್ರ ಸರ್ವಾಧಿಕಾರಿಗಳಾಗಲು ಸಾಧ್ಯ, ನೀವು ಮೊದಲು ಗೆದ್ದು ತೋರಿಸಿ, ಸರ್ವಾಧಿಕಾರದ ಅಪಾಯ ನಾನು ನೋಡಿಕೊಳ್ಳುತ್ತೇನೆ! ಮೇ ತಿಂಗಳಲ್ಲಿ ಚಾನ್ಸಲರ್ಸ್‌ವಿಲ್‌ನಲ್ಲಿ ಹೂಕರ್ ಸೋತರು.

ಪತ್ರಿಕೆಯವರಾದ ನಿಮಗೆ ಬೇಕಾದ ಕಥೆ ಇನ್ನೊಂದಿದೆ. 1864ರ ಮೇ 18ರಂದು ನ್ಯೂಯಾರ್ಕಿನ ಎರಡು ಪತ್ರಿಕೆಗಳಲ್ಲಿ ಅಧ್ಯಕ್ಷರ ಹೆಸರಿನ ಘೋಷಣೆಯೊಂದು ಅಚ್ಚಾಯಿತು, ಇನ್ನೂ ನಾಲ್ಕು ಲಕ್ಷ ಜನರನ್ನು ಸೇನೆಗೆ ಸೇರಿಸಿಕೊಳ್ಳುತ್ತೇವೆ ಅಂತ. ಪೂರ್ತಿ ಸುಳ್ಳು. ಯುದ್ಧ ಹದಗೆಟ್ಟಿದೆ ಅಂತ ಜನ ಹೆದರಿದರೆ ಚಿನ್ನದ ಬೆಲೆ ಏರುತ್ತದೆ, ಒಂದಿಷ್ಟು ದುಡ್ಡು ಮಾಡಬಹುದು ಅಂತ ಪತ್ರಕರ್ತನೊಬ್ಬನೇ ಹೂಡಿದ ಆಟ ಅದು. ಲಿಂಕನ್ ಏನು ಮಾಡಿದರು? ಸಂಪಾದಕರನ್ನು, ಮಾಲೀಕರನ್ನು ಬಂಧಿಸಿ ಅಂತ ಆದೇಶಕ್ಕೆ ಸಹಿ ಹಾಕಿದರು, ಸೈನಿಕರು ಹೋಗಿ ಕಚೇರಿಗಳನ್ನು ವಶಕ್ಕೆ ತಗೊಂಡರು. ಪತ್ರಿಕೆಯವರೇ ಮೋಸ ಹೋಗಿದ್ದಾರೆ ಅಂತ ತಿಳಿದ ಮೇಲೆ ಕೆಲವೇ ದಿನಗಳಲ್ಲಿ ಬಿಟ್ಟರು. ನನ್ನ ಪ್ರಕಾರ ಇದು ಅವರ ಕಪ್ಪು ಚುಕ್ಕೆಗಳಲ್ಲಿ ಒಂದು. ವಿಚಾರಣೆಯಿಲ್ಲದೆ ಜನರನ್ನು ಹಿಡಿದಿಟ್ಟದ್ದೂ ಅದೇ ಪಟ್ಟಿಗೆ ಸೇರುತ್ತದೆ. ಆದರೆ ಅದೇ ಮನುಷ್ಯ ಅದೇ ವರ್ಷ ಯುದ್ಧದ ನೆಪ ಹೇಳಿ ಚುನಾವಣೆ ಮುಂದೂಡಲಿಲ್ಲ. ಆಗಸ್ಟ್ 23ರಂದು, ನಾನು ಸೋಲುವ ಹಾಗೆ ಕಾಣುತ್ತಿದೆ, ಸೋತರೆ ಹೊಸ ಅಧ್ಯಕ್ಷ ಅಧಿಕಾರ ಹಿಡಿಯುವುದರೊಳಗೆ ಅವನ ಜೊತೆ ಸೇರಿ ದೇಶ ಉಳಿಸುವ ಕೆಲಸ ಮಾಡಬೇಕು ಅಂತ ಒಂದು ಹಾಳೆಯಲ್ಲಿ ಬರೆದರು. ಅದನ್ನು ಮಡಚಿ, ಮಂತ್ರಿಗಳ ಕೈಯಲ್ಲಿ ಒಳಗೇನಿದೆ ಅಂತ ತೋರಿಸದೆ ಸಹಿ ಹಾಕಿಸಿದರು. ಎದುರಾಳಿ ಮೆಕ್ಲೆಲನ್, ಲಿಂಕನ್ ಹಿಂದೆ ಕೆಲಸದಿಂದ ತೆಗೆದಿದ್ದ ಸೇನಾಪತಿಯೇ. ನವೆಂಬರ್‌ನಲ್ಲಿ ಗೆದ್ದ ಮೇಲೆ ಆ ಹಾಳೆ ಬಿಚ್ಚಿ ಓದಿ ಹೇಳಿದರು.

ಅಂದಹಾಗೆ ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ಗತಿಯೂ ಇದೇ. ಸೆಪ್ಟೆಂಬರ್ 15 ಬಂದರೆ ಮೋಂಬತ್ತಿ ಕಥೆ, ರೈಲಿನ ಕಥೆ. 1903ರಲ್ಲಿ ಪುಣೆ ಹತ್ತಿರದ ಖಡಕ್‌ವಾಸ್ಲಾ ಜಲಾಶಯಕ್ಕೆ ಅವರು ತಾನಾಗಿಯೇ ತೆರೆದು ಮುಚ್ಚುವ ಗೇಟು ಕೂರಿಸಿದ್ದು ಹೇಗೆ, ಆ ಗೇಟು ಹೇಗೆ ಕೆಲಸ ಮಾಡುತ್ತದೆ ಅಂತ ಚಿತ್ರ ಬರೆದು ವಿವರಿಸಿದ ಪುರವಣಿ ನನ್ನ ಕಣ್ಣಿಗೆ ಬಿದ್ದಿಲ್ಲ.

ಹಾಗಾಗಿ ಕೇಳಿಕೊಳ್ಳುವುದು ಇಷ್ಟೇ. ಮೊದಲು, ಆ ಪತ್ರ ಲಿಂಕನ್ ಅವರದ್ದಲ್ಲ ಅಂತ ಎರಡು ಸಾಲು ತಿದ್ದುಪಡಿ ಹಾಕಿ. ಆಮೇಲೆ ಫೆಬ್ರವರಿ 12ಕ್ಕೆ ಲಿಂಕನ್ ಹುಟ್ಟಿದ ದಿನ ಬರುತ್ತದೆ, ಅವತ್ತು ಗ್ರಾಂಟ್‌ಗೆ ಮಗನ ಬಗ್ಗೆ ಬರೆದ ಪತ್ರವನ್ನು ಪೂರ್ತಿ ಕನ್ನಡಕ್ಕೆ ತಂದು ಅಚ್ಚು ಮಾಡಿ. ಚಿಕ್ಕದು, ಅರ್ಧ ಪುಟವೂ ಬೇಡ. ಗಡ್ಡದ ಫೋಟೊಗೆ ಜಾಗ ಧಾರಾಳವಾಗಿ ಉಳಿಯುತ್ತದೆ.

– ಒಬ್ಬ ಸಮಾಜ ವಿಜ್ಞಾನ ಶಿಕ್ಷಕ,
ಶಿಡ್ಲಘಟ್ಟ ತಾಲ್ಲೂಕು, ಚಿಕ್ಕಬಳ್ಳಾಪುರ ಜಿಲ್ಲೆ