ಶಾಲು ಬೇಡ, ಗ್ಲೌಸ್ ಕೊಡಿ

ಮಾನ್ಯರೇ,

ಆಷಾಢ ಶುಕ್ರವಾರದ ಮರುದಿನ ಬೆಳಿಗ್ಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ನೋಡಿ. ನೀರಿನ ಬಾಟಲಿ, ಪ್ರಸಾದದ ದೊನ್ನೆ, ಕರ್ಪೂರದ ಪ್ಯಾಕೆಟ್... ದೊಡ್ಡ ನಂದಿಯವರೆಗೂ ಅದೇ ಸಾಲು. ಕಳೆದ ವರ್ಷ ಅಲ್ಲಿ ಎಂಟ್ಹತ್ತು ಮಂದಿ ಗೋಣಿಚೀಲ ಹಿಡಿದು ಕಸ ಆಯುತ್ತಿದ್ದರು. ಅವರಲ್ಲಿ ಒಬ್ಬ ಹಿರಿಯರು, ನಿವೃತ್ತ ಬಸ್ ಕಂಡಕ್ಟರ್ ಅಂತೆ. ಛತ್ರಿ ಕಡ್ಡಿ ಬಗ್ಗಿಸಿ ಮಾಡಿಕೊಂಡ ಕೊಕ್ಕೆಯಿಂದ ಕಲ್ಲಿನ ಸಂದಿಯ ಗುಟ್ಕಾ ಚೀಟಿ ಎಳೆಯುತ್ತಿದ್ದರು. 'ಯಾವ ಸಂಘದವರು ಸಾರ್?' ಅಂದೆ. 'ಸಂಘ ಗಿಂಘ ಏನಿಲ್ಲ, ಸುಮ್ನೆ ಬರ್ತೀವಿ' ಅಂದರು.

2015, 2016ರಲ್ಲಿ ದೇಶದ ಸ್ವಚ್ಛ ನಗರಗಳ ಪಟ್ಟಿಯಲ್ಲಿ ಮೈಸೂರೇ ಮೊದಲು. ಪೌರಕಾರ್ಮಿಕರ ಬೆವರಿನ ಜೊತೆ ಇಂಥವರ ಪಾಲೂ ಅದರಲ್ಲಿದೆ ಅಲ್ವಾ?

ನವೆಂಬರ್ 1 ಬಂದರೆ ಬೀದಿ ಬೀದಿಯಲ್ಲೂ ವೇದಿಕೆ ಏಳುತ್ತದೆ. ಸನ್ಮಾನ ಮಾತ್ರ ಚಂದಾ ಕೊಟ್ಟವರಿಗೇ ಜಾಸ್ತಿ! ಈ ಸಲ ಇಂಥವರನ್ನೂ ಕರೆಯಲಿ. ಶಾಲು, ಹಣ್ಣಿನ ಬುಟ್ಟಿ ಬದಲು ಗ್ಲೌಸು, ಗಟ್ಟಿ ಚೀಲ ಕೊಡಲಿ. ಆಯ್ದ ಕಸ ಸಾಗಿಸಲು ವಾರಕ್ಕೊಮ್ಮೆ ಬೆಟ್ಟದ ಪಾದಕ್ಕೆ ಕಸದ ಆಟೊ ಬರಲಿ. ಅವತ್ತು ಆ ಹಿರಿಯರು ಎರಡು ಚೀಲ ತಮ್ಮ ಸ್ಕೂಟರಿಗೇ ಕಟ್ಟಿಕೊಂಡು ಹೋದರು.

– ಒಬ್ಬ ಓದುಗ, ಕುವೆಂಪುನಗರ, ಮೈಸೂರು