ಮೃದಂಗದ ಪ್ರಾಜೆಕ್ಟು ಯಾವ ವಿಭಾಗಕ್ಕೆ ಸೇರಿದ್ದು?

ಮಾನ್ಯರೇ,

ಮೈಸೂರಿನಲ್ಲಿ ಮೃದಂಗ, ತಬಲಾಗಳಿಗೆ ಮುಚ್ಚಿಗೆ, ಅಂದರೆ ನುಡಿಸುವ ಚರ್ಮದ ಮುಖ, ಹಾಕಿಕೊಡುವುದು ನನ್ನ ಕಸುಬು. ಅಪ್ಪನಿಂದ ಕಲಿತದ್ದು. ಕಳೆದ ವರ್ಷ ಎಂ.ಎಸ್ಸಿ. ಭೌತಶಾಸ್ತ್ರ ಓದುವ ಹುಡುಗಿಯೊಬ್ಬಳು ಬಂದು, ‘ಕರಣೆ ಹಾಕುವಾಗ ಪಕ್ಕದಲ್ಲಿ ಕೂತು ರೆಕಾರ್ಡ್ ಮಾಡ್ಕೊಳ್ಲಾ ಅಂಕಲ್?’ ಎಂದಳು. ಎರಡು ದಿನಕ್ಕೆ ಬೇಜಾರಾಗಿ ಹೋಗುತ್ತಾಳೆ ಅಂದುಕೊಂಡೆ. ನಾಲ್ಕು ತಿಂಗಳು ಬಂದಳು.

ಕರಣೆ ಅಂದರೆ ಮೃದಂಗದ ಬಲಮುಚ್ಚಿಗೆಯ ನಡುವಿನ ಕಪ್ಪು ಬಿಲ್ಲೆ; ಒಂದೇ ಸಲಕ್ಕೆ ಮೆತ್ತುವಂಥದ್ದಲ್ಲ. ಅನ್ನವನ್ನೂ ಕಪ್ಪು ಕಲ್ಲಿನ ಪುಡಿಯನ್ನೂ ನುಣ್ಣಗೆ ಮಸೆದು, ಚೂರು ಚೂರೇ ಹಚ್ಚಿ, ಒಣಗುವ ತನಕ ಗುಂಡುಕಲ್ಲಿನಿಂದ ಉಜ್ಜಬೇಕು. ಹೀಗೆ ಪದರದ ಮೇಲೆ ಪದರ. ಅವಳು ಪ್ರತಿ ಪದರಕ್ಕೂ ನನ್ನಿಂದ ಒಂದು ಪೆಟ್ಟು ಹಾಕಿಸಿ ಲ್ಯಾಪ್‌ಟಾಪಿನಲ್ಲಿ ಅದರೊಳಗಿನ ನಾದಗಳ ಗೆರೆ ನೋಡುತ್ತಿದ್ದಳು. ಬರೀ ಚರ್ಮಕ್ಕೆ ಹೊಡೆದರೆ ಮೂಲ ನಾದದ ಜೊತೆ ಅದರ 1.59, 2.14, 2.30 ಪಟ್ಟು ನಾದಗಳು ಏಳುತ್ತವಂತೆ. ಬೆಸೆಲ್ ಎಂಬವರ ಹೆಸರಿನ ಗಣಿತದಿಂದ ಬರುವ ಲೆಕ್ಕವದು. ಒಂದಕ್ಕೊಂದು ಹೊಂದುವುದಿಲ್ಲ, ಡಬ್ಬ ಬಡಿದಂತೆ ಕೇಳುತ್ತದೆ. ಕರಣೆ ಏರಿದ ಹಾಗೆ ಅವು 2, 3ರ ಕಡೆಗೆ ಸರಿಯುತ್ತವೆ. ‘ನಾದ ಕೂಡ್ತು’ ಎಂದು ನಾನು ಕಲ್ಲು ಕೆಳಗಿಟ್ಟ ಹೊತ್ತಿಗೆ ಅವಳ ಗೆರೆಗಳೂ ಸಾಲಿಗೆ ಬಂದಿದ್ದವು. ಆಶ್ಚರ್ಯವಾದದ್ದು ಅವಳಿಗೆ, ನನಗಲ್ಲ.

ನನಗೆ ಆಶ್ಚರ್ಯವಾದದ್ದು ಬೇರೆ ದಿನ. ಸಿ.ವಿ. ರಾಮನ್ 1920ರಲ್ಲೇ ‘ನೇಚರ್’ನಲ್ಲಿ ಈ ವಾದ್ಯಗಳ ಬಗ್ಗೆ ಬರೆದಿದ್ದರು, ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಇನ್ನೂ ವಿಸ್ತಾರವಾಗಿ ಬರೆದರು, ಮುಚ್ಚಿಗೆಯ ಮೇಲೆ ಮರಳು ಉದುರಿಸಿ ಪರೀಕ್ಷೆ ಮಾಡಿದ್ದರು ಎಂದಳು. ನಮ್ಮಲ್ಲಿ ಮರಳೆಲ್ಲಿ? ಎಡಗಡೆಗೆ ಹಚ್ಚಲು ಇಟ್ಟಿದ್ದ ರವೆಯನ್ನೇ ಬಲಗಡೆ ಉದುರಿಸಿದಳು. ಉಂಗುರದ ಬೆರಳನ್ನು ಹಗುರವಾಗಿ ತಾಗಿಸಿ, ‘ನಂ’ ನುಡಿಸುವ ಹಾಗೆ, ಅಂಚಿಗೆ ಹೊಡೆಯುತ್ತ ಹೋದೆ. ರವೆ ಕುಣಿದು ಕುಣಿದು, ಚರ್ಮ ಅಲುಗದ ಕಡೆ, ಆ ಬೆರಳಿನ ಸಾಲಿನಲ್ಲೇ, ನಟ್ಟನಡುವೆ ಗೆರೆಯಾಗಿ ನಿಂತಿತು. ಆ ಬೆರಳು ಅಲ್ಲೇ ಇರಲಿ ಎಂದು ಅಪ್ಪ ಯಾಕೆ ಗದರುತ್ತಿದ್ದರೋ ಅವತ್ತು ಕಣ್ಣಿಗೆ ಕಂಡಿತು.

ಇಷ್ಟು ಮಾಡಿದ ಹುಡುಗಿಗೆ ಕಾಲೇಜಿನಲ್ಲಿ ಕೇಳಿದ ಮೊದಲ ಪ್ರಶ್ನೆ: ‘ಇದು ಫಿಸಿಕ್ಸಾ, ಮ್ಯೂಸಿಕ್ಕಾ?’ ಭೌತಶಾಸ್ತ್ರದವರು ಸಂಗೀತದವರ ಹತ್ತಿರ ಹೋಗು ಎಂದರು. ಸಂಗೀತದವರು, ಲೆಕ್ಕ ನೋಡಲು ನಮ್ಮಲ್ಲಿ ಯಾರೂ ಇಲ್ಲಮ್ಮ ಎಂದರು. ಗಣಿತದವರು ಮಾತ್ರ ಚಹಾ ಕೊಟ್ಟು ಕೂರಿಸಿ ಕೇಳಿದರಂತೆ, ಆದರೆ ಸಹಿ ಹಾಕುವ ಅಧಿಕಾರ ಅವರಿಗಿಲ್ಲ. ಕೊನೆಗೆ ಕರಣೆಯ ಭಾಗ ಅರ್ಧಕ್ಕರ್ಧ ಕಿತ್ತುಹಾಕಿ ಒಪ್ಪಿಸಿದಳು.

ಒಬ್ಬ ವಿದ್ಯಾರ್ಥಿಗೆ ಎರಡು ವಿಭಾಗಗಳಿಂದ ಒಬ್ಬೊಬ್ಬ ಗೈಡ್ ಕೊಡಲು ಯಾವ ಕಾಯ್ದೆ ಅಡ್ಡ ಬರುತ್ತದೆಂದು ವಿಶ್ವವಿದ್ಯಾಲಯದವರು ದಯಮಾಡಿ ತಿಳಿಸಲಿ. ಈಗ ಅವಳು ಎಡಮುಚ್ಚಿಗೆ ನೋಡಬೇಕು ಅನ್ನುತ್ತಿದ್ದಾಳೆ. ಅಲ್ಲಿ ಕರಣೆ ಇಲ್ಲ. ಕಛೇರಿಗೆ ಮುಂಚೆ ಹಚ್ಚಿದ ಹಸಿ ರವೆ ಒಣಗುತ್ತ ಒಣಗುತ್ತ ಶ್ರುತಿ ಬದಲಾಗುತ್ತದೆ. ರವೆ ನನ್ನಲ್ಲಿದೆ. ಗೈಡ್ ಇನ್ನೂ ಸಿಕ್ಕಿಲ್ಲ.

– ಮೃದಂಗ ರಿಪೇರಿಯವ, ಮೈಸೂರು