ಇಂಗ್ಲಿಷ್ ಪದ್ಯ ಕಿವಿಗೂ ಬೀಳಲಿ

ಮಾನ್ಯ ಸಂಪಾದಕರೇ,

ಪ್ರೌಢಶಾಲೆಯ ಇಂಗ್ಲಿಷ್ ಪಠ್ಯದಲ್ಲಿ ಭಾಷೆ, ಸಾಹಿತ್ಯ ಎರಡೂ ಇದ್ದರೂ ಪರೀಕ್ಷೆ ಸಮೀಪಿಸಿದಂತೆ ಪದ್ಯಗಳು ಗೈಡಿನ ಸಾರಾಂಶಗಳಾಗಿಬಿಡುತ್ತವೆ. ಸಾನೆಟ್ಟಿಗೆ 14 ಸಾಲು, ಸಾಲಿಗೆ ಸಾಮಾನ್ಯವಾಗಿ 10 ಉಚ್ಚಾರಾಂಶ ಎಂದು ತಡವರಿಸದೆ ಒಪ್ಪಿಸಿದ ನನ್ನ ಮಗಳು, ಗಟ್ಟಿಯಾಗಿ ಓದೆಂದಾಗ ಪ್ರತಿ ಸಾಲಿನ ಕೊನೆಗೂ ನಿಂತಳು. ವಾಕ್ಯವು ಮುಂದಿನ ಸಾಲಿಗೆ ಹರಿದಿರುವುದನ್ನು ಅವಳು ಗಮನಿಸಿರಲೇ ಇಲ್ಲ. (ಗಮನಿಸಲು ಯಾರೂ ಹೇಳಿರಲಿಲ್ಲ ಎನ್ನುವುದೇ ಸರಿ.) ಇಂಗ್ಲಿಷಿನಲ್ಲಿ 'ರೆಕಾರ್ಡ್' ಎಂಬ ಪದದ ಮೊದಲ ಭಾಗವನ್ನು ಒತ್ತಿ ಹೇಳಿದರೆ ನಾಮಪದ, ಎರಡನೆಯದನ್ನು ಒತ್ತಿದರೆ ಕ್ರಿಯಾಪದ, ಪದ್ಯದ ಲಯ ನಿಂತಿರುವುದೂ ಇಂಥ ಒತ್ತಿನ ಮೇಲೆಯೇ ಆದ್ದರಿಂದ, ವ್ಯಾಕರಣ ಮತ್ತು ಕಾವ್ಯವನ್ನು ಬೇರೆ ಬೇರೆ ಪಿರಿಯಡ್‌ಗಳಿಗೆ ಹಂಚುವುದು ನನಗೆ ಸರಿಯೆನಿಸುವುದಿಲ್ಲ. ಗಟ್ಟಿಯಾಗಿ ಓದುವುದಕ್ಕೂ ಆಂತರಿಕ ಮೌಲ್ಯಮಾಪನದಲ್ಲಿ ಅಂಕಗಳನ್ನು ಮೀಸಲಿಡಬೇಕೆಂದು ಪಠ್ಯಕ್ರಮ ರೂಪಿಸುವವರಲ್ಲಿ ವಿನಂತಿ.

– ಒಬ್ಬ ಪೋಷಕ